ಗೋದಾಮಿನ ಗೇಟಿನಲ್ಲಿ ಲಾರಿ ಕಾಯದಂತೆ ಮಾಡುವುದು ಹೇಗೆ: ಕಾಸರಗೋಡಿನ ಅಡಿಕೆ ಗೋದಾಮಿನಿಂದ ಒಂದು ಮಾರ್ಗದರ್ಶಿ

ಬೆಳಗ್ಗೆ ಏಳಕ್ಕೆ ಬಂದರೆ ಗೇಟಿನ ಹೊರಗೆ ಐದು ಲಾರಿ. ಒಂದರ ಮೂತಿ ಬದಿಯಡ್ಕ ರಸ್ತೆಗೆ ಚಾಚಿಕೊಂಡಿದೆ, ಅದರ ಹಿಂದೆ ಶಾಲೆಯ ಬಸ್ಸು ಹಾರನ್ ಹೊಡೆಯುತ್ತಿದೆ. ಕಿಸೆಯಲ್ಲಿ ಧಣಿಗಳ ಫೋನು: "ಎಂತ ಮಾರಾಯ, ಅಹಮದಾಬಾದಿನದ್ದು ನಿನ್ನೆಯೇ ಹೊರಡಬೇಕಿತ್ತಲ್ಲ?" ಕುಂಬಳೆಯಿಂದ ಒಳಗೆ ಬರುವ ಈ ದಾರಿಯಲ್ಲಿ ಒಂದು ಅಡಿಕೆ ಗೋದಾಮಿನ ಲೋಡಿಂಗ್ ನೋಡಿಕೊಳ್ಳುವವನು ನಾನು. ಇಂಥ ಫೋನಿಗೆ ವರ್ಷಗಟ್ಟಲೆ ನನ್ನ ಉತ್ತರ ಒಂದೇ: ಆಳು ಸಾಲುವುದಿಲ್ಲ, ಇನ್ನೂ ನಾಲ್ಕು ಜನ ಬೇಕು. ಅದು ತಪ್ಪು ಉತ್ತರವೆಂದು ಗೊತ್ತಾದದ್ದು ಒಂದು ನೋಟ್‌ಬುಕ್ಕಿನಿಂದ. ಹಾಗಾಗಿ ಅಲ್ಲಿಂದಲೇ ಶುರುಮಾಡುತ್ತೇನೆ.

ನಾನು ಹೇಳುವುದು ಅಡಿಕೆ ಚೀಲದ ಲೆಕ್ಕ. ನಿಮ್ಮದು ಗೋಡಂಬಿ, ಹೆಂಚು, ಪ್ಲೈವುಡ್, ಬಿಸ್ಕತ್ತಿನ ಪೆಟ್ಟಿಗೆ ಯಾವುದೇ ಇರಲಿ, ಅಂಕಿ ಬದಲಾಗುತ್ತದೆ, ಹೊತ್ತು ಸೋರುವ ಜಾಗಗಳು ಬಹುಮಟ್ಟಿಗೆ ಅವೇ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆಯಿರಿ

ಪ್ರತಿ ಲಾರಿಗೂ ಒಂದು ಸಾಲು. ಸಾಲಿನಲ್ಲಿ ಏಳು ಹೊತ್ತು: ಗೇಟಿಗೆ ಬಂದದ್ದು, ಲೋಡಿಂಗ್ ಜಗಲಿಗೆ ಹಿಮ್ಮುಖ ತಾಗಿದ್ದು, ಮೊದಲ ಚೀಲ ಏರಿದ್ದು, ಕೊನೆಯ ಚೀಲ ಏರಿದ್ದು, ಟರ್ಪಾಲು ಹಗ್ಗ ಮುಗಿದದ್ದು, ಕಾಟಾದಿಂದ (ಲಾರಿಯನ್ನೇ ತೂಗುವ ವೇಬ್ರಿಡ್ಜಿನಿಂದ) ವಾಪಸು ಬಂದದ್ದು, ಕಾಗದ ಕೈಗೆ ಸಿಕ್ಕಿ ಗೇಟು ದಾಟಿದ್ದು. ವಾಚ್‌ಮ್ಯಾನ್ ಒಂದು ಹೊತ್ತು ಬರೆದರೆ ಲೋಡಿಂಗ್ ಮೇಸ್ತ್ರಿ ಇನ್ನೊಂದು ಬರೆಯಲಿ, ಆದರೆ ಎಲ್ಲರೂ ಒಂದೇ ಗಡಿಯಾರ ನೋಡಬೇಕು. ನಮ್ಮ ಆಫೀಸಿನ ಗೋಡೆ ಗಡಿಯಾರ ಹನ್ನೆರಡು ನಿಮಿಷ ಮುಂದೆ ಓಡುತ್ತಿತ್ತು, ಅದು ಗೊತ್ತಾದದ್ದೂ ಆಗಲೇ.

ನನ್ನ ಪುಸ್ತಕದ ಒಂದು ಸಾಲು ಹೀಗಿತ್ತು. ಗೇಟಿಗೆ 8.10. ಜಗಲಿಗೆ 11.25. ಮೊದಲ ಚೀಲ 11.50. ಕೊನೆಯ ಚೀಲ 1.20. ಟರ್ಪಾಲು ಕಟ್ಟಿ ಮುಗಿದದ್ದು 2.00. ಕಾಟಾದಿಂದ ವಾಪಸು 2.45. ಕಾಗದ ಸಿಕ್ಕಿ ಗೇಟು ದಾಟುವಾಗ 4.45. ಒಟ್ಟು ಎಂಟು ಗಂಟೆ ಮೂವತ್ತೈದು ನಿಮಿಷ. ಅದರಲ್ಲಿ ಚೀಲ ಏರಿದ್ದು ಒಂದೂವರೆ ಗಂಟೆ, ಅಂದರೆ ಆರರಲ್ಲಿ ಒಂದು ಪಾಲಷ್ಟೇ. ನಾನು ಕೇಳುತ್ತಿದ್ದ ನಾಲ್ಕು ಜನ ಬಿಡಿ, ಆಳುಗಳನ್ನು ಇಮ್ಮಡಿ ಮಾಡಿದ್ದರೂ ಉಳಿಯುತ್ತಿದ್ದದ್ದು ಮುಕ್ಕಾಲು ಗಂಟೆ. ಉಳಿದ ಏಳು ಗಂಟೆಯಲ್ಲಿ ಆ ಲಾರಿಗೆ ಬೇಕಾದದ್ದು ಆಳಲ್ಲ; ಸರದಿ, ಸರಕಿನ ಗುರುತು, ಕಾಗದ.

ವಾರ ಮುಗಿದ ಮೇಲೆ ಸರಾಸರಿ ತೆಗೆಯುವ ಉಮೇದು ಬರುತ್ತದೆ. ತೆಗೆಯಿರಿ, ಆದರೆ ನಂಬಿ ಕೂರಬೇಡಿ. ಒಂದು ಲಾರಿ ಎರಡು ಗಂಟೆಯಲ್ಲಿ ಹೋಗಿ ಇನ್ನೊಂದು ಹದಿನಾಲ್ಕು ಗಂಟೆ ನಿಂತರೆ ಸರಾಸರಿ ಎಂಟು, ಎಂಟು ಗಂಟೆ ನಿಂತ ಲಾರಿ ಮಾತ್ರ ಒಂದೂ ಇಲ್ಲ. ಎಲ್ಲ ಲಾರಿಗಳ ಹೊತ್ತನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದು ನಡುವಿನದ್ದನ್ನು ನೋಡಿ, ಆಮೇಲೆ ಕಟ್ಟಕಡೆಯ ಎರಡನ್ನು ಕೂತು ಓದಿ. ಯಾಕೆ ಹಾಗಾಯಿತೆಂಬುದು ಆ ಎರಡರಲ್ಲೇ ಇರುತ್ತದೆ.

ಇನ್ನೊಂದು ಸುಲಭದ ಲೆಕ್ಕ ಉಂಟು. ಅಂಗಳದಲ್ಲಿ ಸರಾಸರಿ ಎಷ್ಟು ಲಾರಿ ನಿಂತಿರುತ್ತವೆ ಎಂದರೆ, ಗಂಟೆಗೆ ಎಷ್ಟು ಬರುತ್ತವೋ ಅದನ್ನು ಒಂದೊಂದು ಎಷ್ಟು ಗಂಟೆ ನಿಲ್ಲುತ್ತದೋ ಅದರಿಂದ ಗುಣಿಸಿದಷ್ಟು. ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದವರು ಜಾನ್ ಲಿಟಲ್ ಎಂಬ ಅಮೆರಿಕದ ಪ್ರಾಧ್ಯಾಪಕರು, 1961ರಲ್ಲಿ. ಎಂಟು ಗಂಟೆಯ ದಿನಕ್ಕೆ ನಾಲ್ಕು ಲಾರಿಯಾದರೆ ಗಂಟೆಗೆ ಅರ್ಧ ಲಾರಿ. ಒಂದೊಂದು ಎಂಟೂವರೆ ಗಂಟೆ ನಿಂತರೆ ಅಂಗಳದಲ್ಲಿ ಯಾವತ್ತೂ ನಾಲ್ಕಕ್ಕೂ ಮಿಕ್ಕಿ ಲಾರಿ. ಮೂರು ಗಂಟೆಗೆ ಇಳಿಸಿದರೆ ಒಂದೂವರೆ. ಪಾರ್ಕಿಂಗಿಗೆಂದು ಪಕ್ಕದ ಜಾಗ ಬಾಡಿಗೆಗೆ ಹಿಡಿಯುವ ಮೊದಲು ಧಣಿಗಳ ಎದುರು ಈ ಗುಣಾಕಾರ ಮಾಡಿ ತೋರಿಸಿ.

ಸರದಿಯ ರೋಗ: ಮೊದಲು ಬಂದವನಿಗೆ ಮೊದಲು

ಐದು ಲಾರಿ ಒಟ್ಟಿಗೆ ಏಳಕ್ಕೇ ಬರುವುದೇಕೆ? ನಾವೇ ಕರೆದಿರುತ್ತೇವೆ. ನಮ್ಮ ಕಡೆಗೆ ಲೋಡಿಗೆ ಬರುವ ಹೆಚ್ಚಿನವು ರಿಟರ್ನ್ ಗಾಡಿಗಳು. ರಾಜಸ್ಥಾನದ ಮಾರ್ಬಲ್, ನಾಸಿಕದ ನೀರುಳ್ಳಿ ತಂದು ಕೇರಳದೊಳಗೆ ಇಳಿಸಿ, ಖಾಲಿ ಹೋಗುವ ಬದಲು ಲೋಡು ಹುಡುಕುವವು. ಬ್ರೋಕರ್ "ಬೆಳಗ್ಗೆ ಹೋಗಿ ನಿಲ್ಲು" ಎನ್ನುತ್ತಾನೆ. ಚಾಲಕ ರಾತ್ರಿಯೇ ಬಂದು ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಮಲಗಿ, ಬೆಳಕು ಹರಿಯುವಾಗ ಗೇಟಿನಲ್ಲಿರುತ್ತಾನೆ. ಮೊದಲು ಬಂದವನಿಗೆ ಮೊದಲು ಎಂಬ ನಿಯಮ ಇರುವಲ್ಲಿ ಅವನು ಮಾಡುವುದೇ ಬುದ್ಧಿವಂತಿಕೆ. ಎಲ್ಲರೂ ಅದೇ ಬುದ್ಧಿವಂತಿಕೆ ಮಾಡಿದರೆ ಸಾಲು.

ಲೆಕ್ಕ ಹಾಕಿ. ಜಗಲಿ ಒಂದೇ, ಒಂದು ಲಾರಿಗೆ ಎರಡು ಗಂಟೆ. ನಾಲ್ಕು ಲಾರಿಯೂ ಎಂಟಕ್ಕೆ ಬಂದರೆ ಮೊದಲನೆಯದು ಕಾಯುವುದಿಲ್ಲ, ಎರಡನೆಯದು 2 ಗಂಟೆ, ಮೂರನೆಯದು 4, ನಾಲ್ಕನೆಯದು 6. ಒಟ್ಟು 12 ಗಂಟೆ ಕಾಯುವಿಕೆ. ಅದೇ ನಾಲ್ಕು ಲಾರಿ ಎರಡೆರಡು ಗಂಟೆ ಬಿಟ್ಟು ಬಂದರೆ ಕಾಯುವಿಕೆ ಸೊನ್ನೆ. ಆಳು ಅಷ್ಟೇ, ಜಗಲಿ ಅಷ್ಟೇ, ಚೀಲ ಅಷ್ಟೇ.

ಹಾಗಾಗಿ ಹೊತ್ತು ಗೊತ್ತುಮಾಡಿ ಕರೆಯಿರಿ. ನಮ್ಮಲ್ಲಿ ಈಗ ನಾಲ್ಕು ಸರದಿ: 8.00, 10.30, 2.00, 4.30. ಎರಡು ಗಂಟೆಯ ಕೆಲಸಕ್ಕೆ ಎರಡೂವರೆ ಗಂಟೆ ಬಿಟ್ಟದ್ದನ್ನು ಗಮನಿಸಿ. ಮೊದಲ ಸಲ ನಾನು ಈ ಅರ್ಧ ಗಂಟೆ ಬಿಟ್ಟಿರಲಿಲ್ಲ. ಒಂದು ಲಾರಿ ತಲಪಾಡಿಯಲ್ಲಿ ಟಯರ್ ಒಡೆದು ತಡವಾಯಿತು, ಅದರ ಹಿಂದಿನದೆಲ್ಲ ಒಂದರ ಮೇಲೊಂದು ಜಾರಿ ಕೊನೆಯದು ರಾತ್ರಿ ಒಂಬತ್ತಕ್ಕೆ ಹೊರಟಿತು. ಇಡೀ ದಿನವನ್ನು ಬಿಗಿಯಾಗಿ ತುಂಬಿಸಿದರೆ ಒಂದು ಟಯರು ಸಾಕು ದಿನ ಕೆಡಿಸಲಿಕ್ಕೆ.

ಶುಕ್ರವಾರದ ಸರದಿ ಬೇರೆ: 8.00, 10.00, 2.30. ಜುಮಾಕ್ಕೆ ಹೋಗುವ ಚಾಲಕರು, ಲೋಡಿಂಗ್‌ನವರು ಎಷ್ಟೋ ಜನ. ಹನ್ನೆರಡೂವರೆಗೆ ಲೋಡು ಅರ್ಧಕ್ಕೆ ನಿಲ್ಲಿಸಿ ಎರಡಕ್ಕೆ ಮುಂದುವರಿಸುವ ಬದಲು ಆ ಹೊತ್ತಿಗೆ ಲಾರಿಯನ್ನೇ ಕರೆಯದಿದ್ದರಾಯಿತು. ಊರಲ್ಲಿ ತೆಯ್ಯಂ, ನೇಮ ಇರುವ ರಾತ್ರಿಯ ಮರುದಿನ ಎಂಟರ ಸರದಿಯನ್ನು ನಾನು ಒಂಬತ್ತಕ್ಕೆ ದೂಡುತ್ತೇನೆ. ಯಾವ ಸಾಫ್ಟ್‌ವೇರಿಗೂ ಇದು ಗೊತ್ತಿರುವುದಿಲ್ಲ.

ಸರದಿ ಕೊಟ್ಟರೆ ಸಾಲದು, ಕೊಟ್ಟ ಮಾತು ಉಳಿಸಬೇಕು. ಮೊದಲ ಹದಿನೈದು ದಿನ ಕಷ್ಟ ಅಲ್ಲೇ. ಮಧ್ಯಾಹ್ನ ಎರಡರ ಸರದಿಯವನು ಹಳೇ ಅಭ್ಯಾಸದಲ್ಲಿ ಏಳಕ್ಕೇ ಬಂದು ನಿಂತಿರುತ್ತಾನೆ, ಎಂಟರವನು ಇನ್ನೂ ಬಂದಿರುವುದಿಲ್ಲ. ಜಗಲಿ ಖಾಲಿ ಇದೆಯಲ್ಲ ಎಂದು ನಿಂತವನನ್ನು ಒಳಗೆ ಬಿಟ್ಟಿರೋ, ಎಂಟೂ ಕಾಲಿಗೆ ಸರಿಯಾದವನು ಬಂದು ಕಾಯುತ್ತಾನೆ. ನಾಳೆಯಿಂದ ಅವನೂ ಏಳಕ್ಕೇ ಬರುತ್ತಾನೆ. ನಮ್ಮ ನಿಯಮ: ಸರದಿಯ ಹೊತ್ತಾಗಿ ಅರ್ಧ ಗಂಟೆಯವರೆಗೆ ಅವನ ಜಾಗ ಅವನದ್ದೇ. ಆಮೇಲೆ ಬಂದರೆ ಮುಂದಿನ ಖಾಲಿ ಜಾಗಕ್ಕೆ. ಧಣಿಗಳ ಪರಿಚಯದವರ ಲಾರಿಗೂ ಇದೇ. ಈ ಕೊನೆಯ ವಾಕ್ಯವನ್ನು ಧಣಿಗಳ ಬಾಯಿಂದಲೇ ಎಲ್ಲರೆದುರು ಹೇಳಿಸಿ, ಇಲ್ಲವಾದರೆ ಎರಡನೇ ದಿನವೇ ಫೋನು ಬರುತ್ತದೆ.

ಹಾಲ್ಟಿಂಗಿನ, ಅಂದರೆ ಲಾರಿ ಕಾಯಿಸಿದ್ದಕ್ಕೆ ಕೊಡುವ ಹಣದ ಮಾತನ್ನೂ ಲಾರಿ ಆಫೀಸಿನವರ ಜೊತೆ ಎರಡೂ ಕಡೆಗೆ ತಾಗುವಂತೆ ಬರೆದುಕೊಳ್ಳಿ. ಹೊತ್ತಿಗೆ ಬಂದ ಲಾರಿ ಇಂತಿಷ್ಟು ಗಂಟೆಯೊಳಗೆ ಹೊರಡದಿದ್ದರೆ ಹಾಲ್ಟಿಂಗ್ ನಾವು ಕೊಡುವುದು. ಹೊತ್ತು ತಪ್ಪಿಸಿ ಬಂದವನಿಗೆ ಹಾಲ್ಟಿಂಗ್ ಇಲ್ಲ. ನಾವು ಮೂರು ಗಂಟೆ ಎಂದು ಬರೆದಿದ್ದೇವೆ. ಮೊದಲ ತಿಂಗಳು ಕೈಯಿಂದ ಹಣ ಹೋಯಿತು, ಹೋದದ್ದು ಒಳ್ಳೆಯದೇ ಆಯಿತು. ಅಲ್ಲಿಯವರೆಗೆ ತಡವಾದರೆ ನಷ್ಟ ಚಾಲಕನದ್ದು ಮಾತ್ರ, ಆಫೀಸಿನಲ್ಲಿ ಯಾರಿಗೂ ತಲೆಬಿಸಿ ಇರಲಿಲ್ಲ.

ಹಿಂದಿನ ಸಂಜೆ ಮಾಡುವ ಕೆಲಸ

ನಾಳೆಯ ಲೋಡು ಇಂದು ಸಂಜೆ ಐದರೊಳಗೆ ಜಗಲಿಯ ಹತ್ತಿರ ಬಂದು ಕೂತಿರಬೇಕು. ಇಡೀ ಲೇಖನದಲ್ಲಿ ಒಂದನ್ನು ಮಾತ್ರ ಮಾಡುತ್ತೀರಾದರೆ ಇದನ್ನು ಮಾಡಿ.

ಯಾಕೆಂದು ಹೇಳುತ್ತೇನೆ. 10 ಚಕ್ರದ ಲಾರಿಗೆ ನಾವು ತುಂಬುವುದು 65 ಕಿಲೋದ 280 ಚೀಲ. ಎಂಟು ಜನರ ತಂಡದಲ್ಲಿ ಇಬ್ಬರು ಎತ್ತಿ ಕೊಡುವವರು, ನಾಲ್ವರು ಹೊರುವವರು, ಇಬ್ಬರು ಲಾರಿಯ ಮೇಲೆ ಅಟ್ಟಿ ಹಾಕುವವರು. ಒಬ್ಬ ಹೊರುವವನ ಪಾಲಿಗೆ 70 ಚೀಲ. ಸರಕು ಗೋದಾಮಿನ ಹಿಂದಿನ ಮೂಲೆಯಲ್ಲಿ, ಜಗಲಿಯಿಂದ 40 ಮೀಟರ್ ಒಳಗೆ ಇದ್ದರೆ ಹೋಗಿ ಬರಲು 80 ಮೀಟರ್, ಹತ್ತಿರ ಹತ್ತಿರ 80 ಸೆಕೆಂಡು. ಅದೇ ಸರಕು 10 ಮೀಟರಿನಲ್ಲಿ ಇದ್ದರೆ 20 ಸೆಕೆಂಡು. ಚೀಲವೊಂದಕ್ಕೆ ಒಂದು ನಿಮಿಷ ಉಳಿತಾಯ, 70 ಚೀಲಕ್ಕೆ 70 ನಿಮಿಷ. ಇನ್ನೊಂದು ಬಗೆಯಲ್ಲಿ ನೋಡಿ: ದೂರದ ಅಟ್ಟಿಯಿಂದಾದರೆ ಆ ಮನುಷ್ಯ ಒಂದು ಲಾರಿಗೆ 5.6 ಕಿಲೋಮೀಟರ್ ನಡೆಯುತ್ತಾನೆ, ಅದರಲ್ಲಿ ಅರ್ಧ ದಾರಿ 65 ಕಿಲೋ ಹೊತ್ತು. ಮಧ್ಯಾಹ್ನದ ಲಾರಿ ನಿಧಾನವಾಗುವುದು ಸೋಮಾರಿತನದಿಂದಲ್ಲ.

ಸಂಜೆ ಸರಕು ತಂದಿಡುವವರೂ ಅಷ್ಟೇ ನಡೆಯಬೇಕಲ್ಲ ಎಂದು ಕೇಳಬಹುದು. ಹೌದು, ಆದರೆ ಆಗ ಲಾರಿ ಕಾಯುತ್ತಿರುವುದಿಲ್ಲ, ಕೈಗಾಡಿಯಲ್ಲಿ ನಾಲ್ಕು ಚೀಲ ಒಟ್ಟಿಗೆ ತಳ್ಳಿ ತರಬಹುದು, ಜಗಲಿಯ ಗಲಾಟೆಯೂ ಇಲ್ಲ. ನೆಲ ಸಮತಟ್ಟು ಇರುವ ಗೋದಾಮಿಗೆ ಎರಡು ಒಳ್ಳೆಯ ಕೈಗಾಡಿ ಫೋರ್ಕ್‌ಲಿಫ್ಟಿನ ಮುಕ್ಕಾಲು ಪಾಲು ಕೆಲಸ ಮಾಡುತ್ತವೆ. ದಿನಕ್ಕೆ ನಾಲ್ಕು ಲಾರಿಯ ಗೋದಾಮಿಗೆ ಫೋರ್ಕ್‌ಲಿಫ್ಟು ಬೇಕೆಂದು ಯಾರಾದರೂ ಮಾರಲು ಬಂದರೆ ಚಹಾ ಕೊಟ್ಟು ಕಳಿಸಿ.

ತಂದಿಡುವಾಗ ಇಪ್ಪತ್ತು ಇಪ್ಪತ್ತು ಚೀಲದ ಅಟ್ಟಿ ಹಾಕಿ. 280ಕ್ಕೆ ಹದಿನಾಲ್ಕು ಅಟ್ಟಿ. ಇದರ ಗುಣ ಎಣಿಕೆಯ ಜಗಳ ಬಂದ ದಿನ ತಿಳಿಯುತ್ತದೆ. ಒಮ್ಮೆ ನಮ್ಮ ಎಣಿಕೆ 280, ಲಾರಿಯವನದ್ದು 279. ತುಂಬಿದ ಲಾರಿಯ ಮೇಲಿನ ಎರಡು ಸಾಲು ಇಳಿಸಿ ಮತ್ತೆ ಎಣಿಸಿ ಏರಿಸುವಾಗ ಸಂಜೆ. ಈಗ ಒಂದು ಅಟ್ಟಿ ಮುಗಿದ ಕೂಡಲೇ ನಮ್ಮವನೂ ಕ್ಲೀನರನೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆಯುತ್ತಾರೆ. ತಪ್ಪಿದರೆ ಇಪ್ಪತ್ತರೊಳಗೇ ಸಿಗುತ್ತದೆ.

ಅಟ್ಟಿಯ ಮೇಲೆ ಚೀಟಿ ಇರಲಿ: ಪಾರ್ಟಿಯ (ಸರಕು ಕೊಂಡವರ) ಗುರುತು, ಲಾಟ್ ಸಂಖ್ಯೆ, ದರ್ಜೆ. ಹೊಸತು, ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಕೋಕ ಎಂಬ ಅಡಿಕೆಯ ದರ್ಜೆಗಳೆಲ್ಲವೂ ಹೊಲಿದ ಗೋಣಿಯೊಳಗೆ ಹೊರಗಿನಿಂದ ಒಂದೇ ಥರ. ನನ್ನ ಪುಸ್ತಕದ ಸಾಲಿನಲ್ಲಿ 11.25ರಿಂದ 11.50ರವರೆಗಿನ ಇಪ್ಪತ್ತೈದು ನಿಮಿಷ ಹೋದದ್ದು ಯಾವ ಅಟ್ಟಿ ಯಾರದ್ದೆಂದು ಹುಡುಕುವುದರಲ್ಲಿ. ಎರಡು ಊರಿನಲ್ಲಿ ಇಳಿಸುವ ಸರಕಿದ್ದರೆ ದೂರದ ಊರಿನದ್ದು ಮೊದಲು ಏರಬೇಕು, ಹತ್ತಿರದ್ದು ಕೊನೆಗೆ. ಎಲ್ಲರಿಗೂ ಗೊತ್ತಿರುವ ಮಾತೇ; ಆದರೂ ಅಟ್ಟಿಗಳನ್ನು ಸಂಜೆಯೇ ಏರುವ ಕ್ರಮದಲ್ಲಿ ಜೋಡಿಸದಿದ್ದರೆ ಬೆಳಗ್ಗೆ ಕೈಗೆ ಸಿಕ್ಕಿದ್ದು ಏರಿರುತ್ತದೆ.

ಮಳೆಗಾಲದಲ್ಲಿ ಅಟ್ಟಿ ನೆಲಕ್ಕೆ ತಾಗಬಾರದು, ಕೆಳಗೆ ಮರದ ಹಲಗೆ ಬೇಕು. ಜಗಲಿಯ ಕಡೆಯ ನೆಲವೇ ಹೆಚ್ಚು ಥಂಡಿ ಹಿಡಿಯುವುದು.

ಲೋಡಿಂಗ್‌ನವರ ಜೊತೆ ಮಾತು

ಕೇರಳದಲ್ಲಿ ಇದು ಒಂದು ಅಧ್ಯಾಯವೇ. ಹೊರೆ ಕೆಲಸಗಾರರಿಗಾಗಿ 1978ರ ಕಾಯ್ದೆ ಇದೆ, ಅದರಡಿ ಕ್ಷೇಮನಿಧಿ ಮಂಡಳಿ ಇದೆ, ಕೆಲಸಗಾರನಿಗೆ ಕಾರ್ಡು ಇದೆ, ಪೇಟೆ ಪೇಟೆಗೆ ಅವರ ಪೂಲ್, ಅಂದರೆ ಕೆಲಸ ಹಂಚಿಕೊಳ್ಳುವ ತಂಡ ಇದೆ. ಗೋದಾಮಿನ ಸ್ವಂತ ಆಳುಗಳಿಗೆ ಕಾರ್ಡು ಮಾಡಿಸಬೇಕಾದರೂ ದಾರಿ ಅಸಿಸ್ಟೆಂಟ್ ಲೇಬರ್ ಆಫೀಸರ ಕಚೇರಿಯ ಮೂಲಕವೇ. ಕೆಲಸ ಮಾಡದೆ ನೋಡಿ ನಿಂತದ್ದಕ್ಕೆ ಕೇಳುವ ನೋಕ್ಕುಕೂಲಿಯನ್ನು ಸರ್ಕಾರ 2018ರ ಮೇ 1ರಿಂದ ನಿಷೇಧಿಸಿದೆ. ಗಡಿಯಾಚೆ ಮಂಗಳೂರಿನಿಂದ ಬಂದು ಇಲ್ಲಿ ಹೊಸದಾಗಿ ಗೋದಾಮು ಹಾಕುವವರು ಈ ವಿಷಯ ಕೇಳಿ ಹೆದರುತ್ತಾರೆ. ನನ್ನ ಅನುಭವದಲ್ಲಿ ತಡಕ್ಕೆ ಪೂಲಿನವರು ಕಾರಣವಾದದ್ದಕ್ಕಿಂತ ನಮ್ಮ ಅಂದಾಜಿಲ್ಲದ ಕರೆ ಕಾರಣವಾದದ್ದು ಹೆಚ್ಚು.

ಹಿಂದೆ ಹೇಗಿತ್ತೆಂದರೆ, ಲಾರಿ ಬಂದ ಮೇಲೆ ಫೋನು: "ಇಚ್ಚಾ, ಗಾಡಿ ಬಂತು, ಜನ ಕಳಿಸಿ." ಅಷ್ಟು ಹೊತ್ತಿಗೆ ಅವರು ಪೇಟೆಯಲ್ಲಿ ಸಿಮೆಂಟ್ ಇಳಿಸುತ್ತಿರುತ್ತಾರೆ. ಅರ್ಧಕ್ಕೆ ಬಿಟ್ಟು ಬರುವುದು ಹೇಗೆ? ಒಂದು ದಿನ ಲೀಡರ್ ಇಚ್ಚನೇ ಹೇಳಿದರು: "ನಿಮ್ಮ ಲಾರಿ ಯಾವಾಗ ಬರುತ್ತದೆಂದು ನಿಮಗೇ ಗೊತ್ತಿಲ್ಲ, ನಮಗೆ ಹೇಗೆ ಗೊತ್ತಾಗಬೇಕು?" ಈಗ ಸಂಜೆ ಆರಕ್ಕೆ ನಾಳೆಯ ನಾಲ್ಕು ಸರದಿ, ಚೀಲದ ಸಂಖ್ಯೆ ಅವರಿಗೆ ಹೋಗುತ್ತದೆ. ಸರದಿ ಸೋತರೆ, ಲಾರಿ ಬಾರದಿದ್ದರೆ, ಕಾದು ಕೂತ ಹೊತ್ತಿಗೆ ಏನು ಎಂಬುದನ್ನೂ ಮೊದಲೇ ಮಾತಾಡಿ ಬರೆದಿಟ್ಟಿದ್ದೇವೆ. ಕೂಲಿ ಚೀಲದ ಲೆಕ್ಕದಲ್ಲಿದ್ದರೆ ಅವರಿಗೂ ಜಗಲಿ ಖಾಲಿ ಇರುವುದು ನಷ್ಟವೇ; ಸರಕು ಹತ್ತಿರ ತಂದಿಟ್ಟ ದಿನದಿಂದ ನಮಗಿಂತ ಹೆಚ್ಚು ಗಡಿಯಾರ ನೋಡುವವರು ಅವರೇ.

ಜಗಲಿಯ ಎತ್ತರ ನೋಡಿಕೊಳ್ಳಿ. ಲಾರಿಯ ಹಾಸು ಜಗಲಿಗಿಂತ ಒಂದಡಿ ಮೇಲಿದ್ದರೆ ಪ್ರತಿ ಚೀಲಕ್ಕೂ ಒಂದು ಹತ್ತುವಿಕೆ. ಗಟ್ಟಿ ಹಲಗೆಯೊಂದು, ಜಾರದ ಹಾಗೆ ಅಡ್ಡಪಟ್ಟಿ ಹೊಡೆದದ್ದು, ಸದಾ ಅಲ್ಲೇ ಇರಲಿ.

ಕೊನೆಯ ಚೀಲ ಏರಿದ ಮೇಲೆ ಲಾರಿ ಜಗಲಿಯಲ್ಲಿ ಇರಬಾರದು

ಟರ್ಪಾಲು ಹಾಸಿ ಹಗ್ಗ ಬಿಗಿಯಲಿಕ್ಕೆ ನಲವತ್ತು ನಿಮಿಷ. ಆ ಕೆಲಸಕ್ಕೆ ಜಗಲಿ ಬೇಡ. ಲಾರಿಯನ್ನು ಅಂಗಳದ ಇನ್ನೊಂದು ಬದಿಗೆ ಸರಿಸಿ ಅಲ್ಲಿ ಕಟ್ಟಿಕೊಳ್ಳಲಿ, ಮುಂದಿನದ್ದು ಹಿಮ್ಮುಖ ಬರಲಿ. ಕಾಗದ ಕಾಯುವ ಲಾರಿಗೂ ಇದೇ ಮಾತು.

ಮಳೆಗಾಲದಲ್ಲಿ ಇದು ನಡೆಯುವುದಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರು ನಮ್ಮದು, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತೆರೆದ ಲಾರಿಯನ್ನು ಹೊರಗೆ ತಂದರೆ ಅಡಿಕೆ ಒದ್ದೆ, ಒದ್ದೆಯಾದ ಅಡಿಕೆಗೆ ಬೂಷ್ಟು, ಬೂಷ್ಟು ಬಂದ ಲಾಟನ್ನು ಪಾರ್ಟಿ ವಾಪಸು ಕಳಿಸುತ್ತದೆ. ಜಗಲಿಯ ಮುಂದೆ ತಗಡಿನ ಮಾಡು ಇಳಿಸುವುದಾದರೆ ಒಂದು ಲಾರಿಗೆ ಸಾಕಾಗುವಷ್ಟು ಅಲ್ಲ, ಎರಡಕ್ಕೆ ಆಗುವಷ್ಟು ಉದ್ದ ಮಾಡಿಸಿ. ಮಾಡಿನ ಎರಡನೇ ಭಾಗದಡಿ ಟರ್ಪಾಲು ಕೆಲಸ. ಎತ್ತರ 20 ಅಡಿಗೆ ಕಮ್ಮಿ ಬೇಡ. ತುಂಬಿದ ಲಾರಿಯ ಮೇಲೆ ನಿಂತು ಹಗ್ಗ ಎಸೆಯುವವನ ತಲೆಗೂ ಜಾಗ ಬೇಕು. ನಾವು ಮೊದಲು ಕಡಿಮೆ ಎತ್ತರದ್ದು ಹಾಕಿಸಿ ಒಂದೇ ಮಳೆಗಾಲದಲ್ಲಿ ಬಿಚ್ಚಿಸಿದೆವು.

ತೂಕ: ಕಾಟಾದಲ್ಲಿ ಅಚ್ಚರಿ ಆಗಬಾರದು

2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿ ಏರಿಸಿದ ಮೇಲೆ ಮೂರು ಆಕ್ಸಲಿನ, ಅಂದರೆ 10 ಚಕ್ರದ ಲಾರಿಯ ಒಟ್ಟು ತೂಕ 25 ಟನ್ನಿಂದ 28.5 ಟನ್ನಿಗೆ ಬಂತು. ಆದರೆ ನಿಮ್ಮ ಮುಂದೆ ನಿಂತ ಲಾರಿಗೆ ಅದರ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬರೆದದ್ದೇ ಲೆಕ್ಕ, ಅದನ್ನು ನೋಡಿಯೇ ತುಂಬಿ. ಮಿತಿ ಮೀರಿದರೆ 2019ರ ತಿದ್ದುಪಡಿಯಂತೆ ₹20,000 ದಂಡ, ಮೇಲೆ ಹೆಚ್ಚುವರಿ ಟನ್ನಿಗೆ ₹2,000ದಂತೆ.

ಒಂದು ಲೆಕ್ಕ ತೋರಿಸುತ್ತೇನೆ. ಖಾಲಿ ಲಾರಿ 9,800 ಕಿಲೋ. ಅಡಿಕೆ 280 ಗುಣಿಸು 65, ಅಂದರೆ 18,200. ಗೋಣಿಯದ್ದೇ ಒಂದೊಂದು ಕಿಲೋ ಹಿಡಿದರೆ 280. ಒಟ್ಟು 28,280. ಮಿತಿಗೆ ಉಳಿದದ್ದು 220 ಕಿಲೋ. ಚಾಲಕ ಖಾಲಿ ತೂಕ ಮಾಡಿಸಿದ ಮೇಲೆ ಬಂಕಿಗೆ ಹೋಗಿ 300 ಲೀಟರ್ ಡೀಸೆಲ್ ಹಾಕಿಸಿಕೊಂಡನೆನ್ನಿ, ಅದೇ ಸುಮಾರು 250 ಕಿಲೋ. ಮೀರಿತು. ಆಮೇಲೆ ಕಾಟಾದಿಂದ ವಾಪಸು ಬಂದು ಹಗ್ಗ ಬಿಚ್ಚಿ ಒಂದು ಚೀಲ ಇಳಿಸುವುದು. ಒಂದು ಚೀಲಕ್ಕೆ ಒಂದು ಗಂಟೆ.

ಹಾಗಾಗಿ ಡೀಸೆಲ್ ಮೊದಲು, ಖಾಲಿ ತೂಕ ಆಮೇಲೆ, ಗೋದಾಮಿಗೆ ಬರುವುದು ಅದರ ನಂತರ. ಈ ಮೂರರ ಕ್ರಮವನ್ನು ಬ್ರೋಕರನಿಗೆ ಸರದಿ ಕೊಡುವಾಗಲೇ ಹೇಳಿ. ಚೀಲ ತುಂಬುವಾಗ ಪ್ರತಿಯೊಂದೂ ತಕ್ಕಡಿ ಮೇಲೆ 65ಕ್ಕೆ ಸರಿಯಾಗಿ ನಿಂತಿದ್ದರೆ ಕಾಟಾದ ಚೀಟಿ ಬರೀ ಖಾತ್ರಿಗೆ.

ಕಾಗದ ಲಾರಿಗಾಗಿ ಕಾಯಲಿ

ನನ್ನ ಸಾಲಿನಲ್ಲಿ 2.45ರಿಂದ 4.45ರವರೆಗೆ ಎರಡು ಗಂಟೆ, ತುಂಬಿ ಕಟ್ಟಿ ತೂಗಿದ ಲಾರಿ ಸುಮ್ಮನೆ ನಿಂತಿತ್ತು. ಅಕೌಂಟಿನವರು ಊಟಕ್ಕೆ ಹೋಗಿದ್ದರು, ಬಂದ ಮೇಲೆ ಕಾಟಾ ಚೀಟಿ ನೋಡಿ ಇನ್‌ವಾಯ್ಸ್ ಶುರುಮಾಡಿದರು, ಪಾರ್ಟಿಯ ಜಿಎಸ್‌ಟಿ ನಂಬರಿನ ಒಂದಂಕಿ ತಪ್ಪಿತ್ತು, ಫೋನು ಎತ್ತುವವರಿರಲಿಲ್ಲ. ಬೇರೆ ಬೇರೆಯಾಗಿ ನೋಡಿದರೆ ಎಲ್ಲವೂ ಸಣ್ಣದು.

ಇಲ್ಲಿ ಬದಲಿಸಬೇಕಾದ ಮುಖ್ಯ ಸಂಗತಿ ಒಂದು: ಇನ್‌ವಾಯ್ಸು ಕಾಟಾದ ತೂಕದಿಂದ ಅಲ್ಲ, ಚೀಲದ ತೂಕದಿಂದ ಹುಟ್ಟಬೇಕು. ಲಾಟ್ ತೂಗಿ ಹೊಲಿದಾಗಲೇ ತೂಕ ಗೊತ್ತಾಯಿತಲ್ಲ! ಸಂಜೆ ಅಟ್ಟಿ ಹಾಕಿದ ಕೂಡಲೇ ಆ ಅಂಕಿ ಅಕೌಂಟಿಗೆ ಹೋದರೆ ಪಾರ್ಟಿಯ ವಿಳಾಸ, ಜಿಎಸ್‌ಟಿ ನಂಬರು, ದರ, ಎಲ್ಲ ತಾಳೆ ನೋಡಿ ಕರಡು ಸಿದ್ಧವಿರುತ್ತದೆ.

ಸರಕಿನ ಜೊತೆ ಹೋಗಬೇಕಾದ ಜಿಎಸ್‌ಟಿ ಕಾಗದವಾದ ಇ-ವೇ ಬಿಲ್ಲಿನ ಸ್ವಭಾವ ತಿಳಿದುಕೊಂಡರೆ ಇನ್ನೂ ಹೊತ್ತು ಉಳಿಯುತ್ತದೆ. ಸರಕಿನ ಬೆಲೆ ₹50,000 ದಾಟಿದರೆ ಅದು ಬೇಕು. ಕಿಲೋಗೆ ₹400 ಎಂದು ಹಿಡಿದರೂ ನಮ್ಮ ಒಂದು ಲಾರಿ ₹72 ಲಕ್ಷದ್ದು, ಹಾಗಾಗಿ ಮಾತೇ ಇಲ್ಲ. ಅದರ ಎ ಭಾಗದಲ್ಲಿ ಸರಕಿನ ವಿವರ, ಬಿ ಭಾಗದಲ್ಲಿ ಲಾರಿಯ ನಂಬರು. ಎ ಭಾಗ ಮೊದಲೇ ತುಂಬಿಸಿ ಇಡಬಹುದು, 15 ದಿನ ಉಳಿಯುತ್ತದೆ. ಅವಧಿ ಓಡಲು ಶುರುವಾಗುವುದು ಮೊದಲ ಸಲ ಬಿ ಭಾಗ ತುಂಬಿದಾಗ. 2021ರ ಜನವರಿಯಿಂದ ದಿನಕ್ಕೆ 200 ಕಿಲೋಮೀಟರಿನ ಲೆಕ್ಕ. 1500 ಕಿಲೋಮೀಟರಿನ ದಾರಿಗೆ 8 ದಿನ, ಮೊದಲ ದಿನ ಮುಗಿಯುವುದು ಮರುದಿನದ ನಡುರಾತ್ರಿಗೆ. ಸೋಮವಾರ ಬಿ ಭಾಗ ತುಂಬಿದರೆ ಮುಂದಿನ ಮಂಗಳವಾರದ ನಡುರಾತ್ರಿಯವರೆಗೆ ಸಮಯ. ಹಾಗಾಗಿ ನಮ್ಮಲ್ಲಿ ಹನ್ನೆರಡನೇ ಅಟ್ಟಿಗೆ ಗೆರೆ ಬಿದ್ದಾಗ ಮೇಸ್ತ್ರಿ ಆಫೀಸಿಗೆ ಕೂಗುತ್ತಾನೆ, ಆಗ ಬಿ ಭಾಗ ತುಂಬುತ್ತಾರೆ. ಲಾರಿ ಬರುವ ಮೊದಲೇ ತುಂಬಿಸಿಟ್ಟು ಆಮೇಲೆ ಲಾರಿ ಬದಲಾದರೆ ನಂಬರು ತಿದ್ದಬಹುದು, ಆದರೆ ಕಳೆದ ದಿನ ವಾಪಸು ಬರುವುದಿಲ್ಲ.

ತಪ್ಪಾದ ಇ-ವೇ ಬಿಲ್ಲನ್ನು 24 ಗಂಟೆಯೊಳಗೆ ರದ್ದು ಮಾಡಬಹುದು. 2023ರ ಆಗಸ್ಟ್‌ನಿಂದ ವಹಿವಾಟು ₹5 ಕೋಟಿ ದಾಟಿದವರಿಗೆಲ್ಲ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸುವ ಬಿಲ್ಲು) ಕಡ್ಡಾಯವಾಗಿದೆಯಲ್ಲ, ಅದನ್ನು ರದ್ದು ಮಾಡಲೂ 24 ಗಂಟೆಯೇ. ಆದರೆ ಮೊದಲು ಇ-ವೇ ಬಿಲ್ ರದ್ದಾಗಬೇಕು, ಆಮೇಲೆ ಇ-ಇನ್‌ವಾಯ್ಸ್. ಈ ಕ್ರಮ ಗೊತ್ತಿಲ್ಲದೆ ಒಮ್ಮೆ ನಾವು ಒಂದು ಸಂಜೆ ಇಡೀ ಕಂಪ್ಯೂಟರಿಗೆ ಬೈದೆವು.

ಲಾರಿಯ ಕಾಗದವನ್ನೂ ಗೇಟಿನಲ್ಲಿ ನೋಡಬೇಡಿ. ಆರ್‌ಸಿ, ಇನ್ಶೂರೆನ್ಸ್, ಫಿಟ್ನೆಸ್, ಪರ್ಮಿಟ್, ಹೊಗೆ ಸರ್ಟಿಫಿಕೇಟ್, ಚಾಲಕನ ಲೈಸೆನ್ಸು: ಫೋಟೋ ಹಿಂದಿನ ರಾತ್ರಿ ಬಂದರೆ ಮಾತ್ರ ಸರದಿ ಖಚಿತ. ಫಿಟ್ನೆಸ್ ಮುಗಿದ ಗಾಡಿ ಬೆಳಗ್ಗೆ ಎಂಟಕ್ಕೆ ಸಿಕ್ಕಿಬಿದ್ದರೆ ಆ ಸರದಿಯೇ ಹಾಳು, ರಾತ್ರಿ ಗೊತ್ತಾದರೆ ಬ್ರೋಕರ್ ಬೇರೆ ಕಳಿಸುತ್ತಾನೆ.

ಹಳೇ ಚಾಲಕರು ಈಗಲೂ ಮಂಜೇಶ್ವರದ ಚೆಕ್‌ಪೋಸ್ಟಿನ ಸಾಲನ್ನು ನೆನೆಸುತ್ತಾರೆ. 2017ರಲ್ಲಿ ಜಿಎಸ್‌ಟಿ ಬಂದು ಆ ತೆರಿಗೆ ಚೆಕ್‌ಪೋಸ್ಟು ಹೋಯಿತು. ಗಡಿಯಲ್ಲಿ ಉಳಿದ ಹೊತ್ತನ್ನು ನಾವು ಗೋದಾಮಿನವರು ಅಂಗಳದಲ್ಲಿ ಕಳೆಯುತ್ತಿದ್ದೇವೆ ಎಂದು ಒಬ್ಬ ಚಾಲಕ ನನ್ನ ಮುಖಕ್ಕೇ ಹೇಳಿದ್ದುಂಟು.

ಸಣ್ಣಪುಟ್ಟವು

ಚಾಲಕರಿಗೆ ಕಕ್ಕಸು, ಕುಡಿಯುವ ನೀರು, ನೆರಳು. ಇದು ಉಪಕಾರವಲ್ಲ: ಈ ಮೂರು ಇಲ್ಲದ ಕಡೆ ಚಾಲಕ ಪೇಟೆಗೆ ಹೋಗಿರುತ್ತಾನೆ, ಅವನ ಸರದಿ ಬಂದಾಗ ಹುಡುಕಬೇಕು.

ವಾಟ್ಸ್ಯಾಪ್ ಗುಂಪು ಬೇಕಾದರೆ ಇರಲಿ, ಆದರೆ ಇನ್ನೂರು ಗುಡ್ ಮಾರ್ನಿಂಗ್ ನಡುವೆ ಸರದಿ ಯಾರಿಗೂ ಕಾಣುವುದಿಲ್ಲ. ಗೇಟಿನ ಬಳಿ ಕರಿಹಲಗೆ ತೂಗುಹಾಕಿ. ನಾಲ್ಕು ಸಾಲು, ಲಾರಿಯ ಕೊನೆಯ ನಾಲ್ಕಂಕಿ, ಹೊತ್ತು. ಅಂಕಿ ಓದಲು ಹರಿಯಾಣದವನಿಗೂ ಬರುತ್ತದೆ, ಮಲಯಾಳಂ ಕನ್ನಡದ ತಕರಾರಿಲ್ಲ.

ಹರತಾಳದ ಮುನ್ಸೂಚನೆ ಏಳು ದಿನ ಮೊದಲು ಕೊಡಬೇಕೆಂದು ಕೇರಳ ಹೈಕೋರ್ಟ್ 2019ರಲ್ಲಿ ಹೇಳಿದೆ. ಸೂಚನೆ ಬಂದದ್ದೇ ತಡ ಆ ದಿನದ ಸರದಿಗಳನ್ನು ಹಿಂದುಮುಂದಿನ ದಿನಕ್ಕೆ ಹಂಚಿಬಿಡಿ. ಹಿಂದಿನ ದಿನಕ್ಕೇ ಎಲ್ಲ ತುರುಕಿದರೆ ಮತ್ತೆ ಐದು ಲಾರಿ ಏಳು ಗಂಟೆಗೆ.

ಬದಲಾವಣೆಗಳನ್ನು ಒಟ್ಟಿಗೆ ಮಾಡಲು ಹೋಗಬೇಡಿ. ನಾವು ಮೊದಲು ಸಂಜೆಯ ಅಟ್ಟಿ ಮಾಡಿದೆವು, ಎರಡು ವಾರ ಬಿಟ್ಟು ಕಾಗದ, ಆಮೇಲೆ ಸರದಿ. ಸರದಿಯಿಂದ ಶುರುಮಾಡಿದ ಒಬ್ಬ ಗೆಳೆಯರ ಗೋದಾಮಿನಲ್ಲಿ ಲಾರಿಗಳೇನೋ ಹೊತ್ತಿಗೆ ಬಂದವು, ಸರಕು ಸಿದ್ಧವಿರಲಿಲ್ಲ. ಮೂರನೇ ದಿನಕ್ಕೆ ಚಾಲಕರು ಸರದಿಯನ್ನು ನಂಬುವುದು ಬಿಟ್ಟರು, ಆಮೇಲೆ ನಂಬಿಸಲಿಕ್ಕೆ ಮೂರು ತಿಂಗಳು ಹಿಡಿಯಿತು.

ನೋಟ್‌ಬುಕ್ಕು ಈಗಲೂ ನಡೆಯುತ್ತಿದೆ. ಶನಿವಾರ ಸಂಜೆ ಆ ವಾರದ ಅತಿ ನಿಧಾನದ ಲಾರಿಯ ಸಾಲನ್ನು ಮೇಸ್ತ್ರಿ, ವಾಚ್‌ಮ್ಯಾನ್, ಅಕೌಂಟಿನವರು, ನಾನು ಕೂತು ಓದುತ್ತೇವೆ, ಚಹಾ ಮುಗಿಯುವಷ್ಟು ಹೊತ್ತು. ಕಳೆದ ಸಲದ್ದು ನಾಲ್ಕು ಗಂಟೆ ಹತ್ತು ನಿಮಿಷ. ಎಲ್ಲ ಸರಿಯಿತ್ತು, ಹಿಂದಿನ ಗೇಟಿನ ಕೀಲಿ ಯಾರ ಹತ್ತಿರ ಇದೆಯೆಂದು ಹುಡುಕುವುದರಲ್ಲಿ ಮೂವತ್ತೈದು ನಿಮಿಷ ಹೋಗಿತ್ತು. ಅದು ನನ್ನ ಕಿಸೆಯಲ್ಲೇ ಇತ್ತು. ಈಗ ಕರಿಹಲಗೆಯ ಪಕ್ಕ ಒಂದು ಮೊಳೆ ಹೊಡೆದಿದ್ದೇವೆ.